ಸಂತೆಯಿಂದ ಬಂದ ಒಂಟಿ ಬಾತುಮರಿ: ಮನೆಯಲ್ಲಿ ಸಾಕಬಹುದೆ?

ಪ್ರಶ್ನೆ: ನಮ್ಮ ಮನೆ ಧಾರವಾಡದ ಸಪ್ತಾಪುರದಲ್ಲಿ. ಸಣ್ಣ ಹಿತ್ತಲು ಇದೆ. ಒಂಬತ್ತು ದಿನದ ಹಿಂದೆ ನಮ್ಮ ಮೈದುನ ಸಂತೆಯಿಂದ ಒಂದು ಬಾತುಕೋಳಿ ಮರಿ ತಂದು ನನ್ನ ಮಗಳ ಕೈಗಿಟ್ಟರು. ಅವಳಿಗೆ ಎಂಟು ವರ್ಷ. ಮಾರಿದವನು ‘ಇದು ಸಣ್ಣ ಜಾತಿ, ಇಷ್ಟ ಇರ್ತದ, ಬೆಳೆಯೂದಿಲ್ಲ’ ಅಂದನಂತೆ. ಮೈಯೆಲ್ಲ ಹಳದಿ, ಕೊಕ್ಕು ಕಿತ್ತಳೆ. ರಟ್ಟಿನ ಡಬ್ಬಿಯಲ್ಲಿ ಪೇಪರ್ ಹಾಸಿ ಇಟ್ಟಿದ್ದೇವೆ. ಜೋಳದ ನುಚ್ಚು, ಅನ್ನ, ಬ್ರೆಡ್ಡು ಹಾಕುತ್ತಿದ್ದೇವೆ. ಎರಡು ದಿನದಿಂದ ನಾಲ್ಕು ಹೆಜ್ಜೆ ನಡೆದು ಕುಸಿದು ಕೂರುತ್ತದೆ. ಮಗಳು ಶಾಲೆಗೆ ಹೋದರೆ ಒಂದೇ ಸಮ ಚೀರುತ್ತದೆ. ನಮ್ಮದು ಶುದ್ಧ ಶಾಕಾಹಾರಿ ಮನೆ; ಅತ್ತೆಯವರಿಗೆ ಇದು ಹಿಡಿಸಿಲ್ಲ. ‘ದೊಡ್ಡದಾದ ಮೇಲೆ ಸಾಧನಕೇರಿ ಕೆರೆಗೆ ಬಿಟ್ಟರಾಯಿತು’ ಎನ್ನುತ್ತಾರೆ ನಮ್ಮ ಯಜಮಾನರು. ಇದನ್ನು ಸಾಕಬಹುದೆ? ಸಾಕುವುದಾದರೆ ಹೇಗೆ?

ಉತ್ತರ: ಮೊದಲು ಕಾಲಿನ ಮಾತು. ಉಳಿದದ್ದನ್ನು ನಾಳೆ ಓದಿದರೂ ನಡೆಯುತ್ತದೆ, ಇದನ್ನು ಮಾತ್ರ ಇವತ್ತೇ ಮಾಡಬೇಕು.

ಡಬ್ಬಿಯೊಳಗಿನ ಪೇಪರನ್ನು ತೆಗೆದುಬಿಡಿ. ಒದ್ದೆಯಾದ ಪೇಪರಿನ ಮೇಲೆ ಮರಿಯ ಪಾದ ಜಾರುತ್ತದೆ, ಎಲುಬು ಇನ್ನೂ ಎಳೆಯದಿರುವಾಗ ಕಾಲು ಎರಡೂ ಪಕ್ಕಕ್ಕೆ ಹರಿದುಹೋಗುತ್ತವೆ. ಹಳೆಯ ಟವೆಲ್ಲನ್ನೋ ಗೋಣಿಚೀಲವನ್ನೋ ಹಾಸಿ, ದಿನಾ ಬದಲಿಸಿ. ಆಮೇಲೆ ಮರಿಯನ್ನು ಹಾಸಿನ ಮೇಲೆ ಬಿಟ್ಟು ಎದುರಿಗೆ ಕೂತು ನೋಡಿ. ಕಾಲು ಅಗಲವಾಗಿ ಎರಡು ಬದಿಗೆ ಹೋಗುತ್ತಿದ್ದರೆ ಅದು ಜಾರಿದ್ದರ ಫಲ. ಕಾಲು ಬಿಲ್ಲಿನಂತೆ ಬಾಗಿ, ಪಾದದ ಮೇಲಿನ ಗಂಟು ಊದಿ, ಮರಿ ಆ ಗಂಟಿನ ಮೇಲೆಯೇ ಕೂತು ಕೂತು ಸಾಗುತ್ತಿದ್ದರೆ ಅದು ನಯಾಸಿನ್ ಕೊರತೆ. ನೀವು ಬರೆದ ಊಟದ ಪಟ್ಟಿ ನೋಡಿದರೆ ಎರಡನೆಯದೇ ಇರಬೇಕು ಎಂದು ನನ್ನ ಅಂದಾಜು.

ನಯಾಸಿನ್ ಎಂದರೆ ಬಿ3 ಜೀವಸತ್ವ. ಕೋಳಿಮರಿಗೆ ಒಂದು ಕಿಲೋ ಆಹಾರದಲ್ಲಿ ಸುಮಾರು 35 ಮಿಲಿಗ್ರಾಂ ಇದ್ದರೆ ಸಾಕು, ಬಾತುಮರಿಗೆ 55 ಬೇಕು. ಕೋಳಿ ತನ್ನ ಆಹಾರದ ಪ್ರೋಟೀನಿನಿಂದಲೇ ಒಂದಿಷ್ಟು ನಯಾಸಿನ್ ತಯಾರಿಸಿಕೊಳ್ಳುತ್ತದೆ, ಬಾತಿಗೆ ಆ ಶಕ್ತಿ ತೀರ ಕಡಿಮೆ. ಅದಕ್ಕೇ ಕೋಳಿಮರಿಗೆ ಮೊದಲ ವಾರಗಳಲ್ಲಿ ಹಾಕಲೆಂದು ಅಂಗಡಿಯಲ್ಲಿ ಸಿಗುವ ಸ್ಟಾರ್ಟರ್ ಆಹಾರ ತಿಂದು ಬೆಳೆದ ಬಾತುಮರಿಯೂ ಒಮ್ಮೊಮ್ಮೆ ಕಾಲು ಕಳೆದುಕೊಳ್ಳುತ್ತದೆ. ನಿಮ್ಮ ಮರಿಗೆ ಅದೂ ಸಿಕ್ಕಿಲ್ಲ, ಸಿಕ್ಕಿದ್ದು ಜೋಳ. ಜೋಳ ನಮ್ಮ ರೊಟ್ಟಿಯ ಧಾನ್ಯ, ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಆದರೆ ಬೇರೇನೂ ಇಲ್ಲದೆ ಜೋಳವೊಂದನ್ನೇ ನಂಬಿದ ದಖ್ಖಣದ ಬಡವರಲ್ಲಿ ಪೆಲಾಗ್ರ ಎಂಬ ಕಾಯಿಲೆ ಕಾಣಿಸುತ್ತಿತ್ತು, ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಇದನ್ನು ಅಭ್ಯಾಸ ಮಾಡಿದರು. ಆ ಕಾಯಿಲೆಗೂ ಕಾರಣ ಇದೇ ಜೀವಸತ್ವದ ಕೊರತೆ. ಮನುಷ್ಯನಲ್ಲಿ ಅದು ಚರ್ಮದಲ್ಲಿ ಕಾಣುತ್ತದೆ, ಬಾತುಮರಿಯಲ್ಲಿ ಕಾಲಿನಲ್ಲಿ.

ಮಾಡಬೇಕಾದದ್ದು ಸರಳ. ಔಷಧಿ ಅಂಗಡಿಯಲ್ಲಿ ಸಾದಾ ನಯಾಸಿನ್ ಅಥವಾ ನಯಾಸಿನಮೈಡ್ ಗುಳಿಗೆ ಕೇಳಿ. ಕೊಲೆಸ್ಟರಾಲಿಗೆ ಕೊಡುವ, ನಿಧಾನಕ್ಕೆ ಕರಗುವ ಗುಳಿಗೆ ಬೇಡ. ಪುಡಿ ಮಾಡಿ, ಒಂದು ಲೀಟರ್ ಕುಡಿಯುವ ನೀರಿಗೆ ಸುಮಾರು 30 ಮಿಲಿಗ್ರಾಂ ಬೀಳುವಂತೆ ಕಲಸಿ, ದಿನಾ ಹೊಸದಾಗಿ ಮಾಡಿಡಿ. ಮರಿಗೆ ಕುಡಿಯಲು ಬೇರೆ ನೀರು ಇಡಬೇಡಿ. ಜೊತೆಗೆ ಬ್ರೂವರ್ಸ್ ಯೀಸ್ಟ್ ಪುಡಿ ಸಿಕ್ಕರೆ ಕಾಲು ಕಿಲೋ ಆಹಾರಕ್ಕೆ ಒಂದು ದೊಡ್ಡ ಚಮಚ ಬೆರೆಸಿ. ಬ್ರೆಡ್ಡು ಉಬ್ಬಿಸಲು ಹಾಕುವ ಜೀವಂತ ಯೀಸ್ಟ್ ಬೇರೆ, ಅದನ್ನು ಕೊಡಬಾರದು. ಎರಡು ದಿನದಲ್ಲಿ ಒಂದಿಷ್ಟೂ ಸುಧಾರಿಸದಿದ್ದರೆ ಪಶು ಆಸ್ಪತ್ರೆಗೆ ಒಯ್ಯಿರಿ.

ಇದು ತಡವಾದರೆ ಏನಾಗುತ್ತದೆ, ಬೇಗ ಸಿಕ್ಕರೆ ಏನಾಗುತ್ತದೆ ಎರಡನ್ನೂ ನಾನು ನೋಡಿದ್ದೇನೆ. ಗದಗಿನಲ್ಲಿ ಪಶುವೈದ್ಯಕೀಯ ಕೆಲಸಕ್ಕಿದ್ದಾಗ ಒಬ್ಬ ಅಜ್ಜ ಮೊಮ್ಮಗನನ್ನು ಕರೆದುಕೊಂಡು ಬಂದಿದ್ದರು. ಹುಡುಗನ ಮಡಿಲಲ್ಲಿ ಸ್ಟೀಲ್ ಡಬ್ಬಿ, ಡಬ್ಬಿಯಲ್ಲಿ ಮರಿ. ಟೇಬಲ್ ಮೇಲೆ ಬಿಟ್ಟೆ. ಏಳಲಿಲ್ಲ. ಕಣ್ಣು ಮಾತ್ರ ಮಿಣಮಿಣ ಅನ್ನುತ್ತಿತ್ತು. ನುಚ್ಚಿನ ಬಟ್ಟಲನ್ನು ಒಂದು ಗೇಣು ದೂರ ಇಟ್ಟರೆ, ಪುಟ್ಟ ರೆಕ್ಕೆ ಎರಡನ್ನೂ ಟೇಬಲ್ಲಿಗೆ ಊರಿ, ದೋಣಿಗೆ ಹುಟ್ಟು ಹಾಕಿದ ಹಾಗೆ ಮೈಯನ್ನು ಎಳೆದುಕೊಂಡು ಬಂದು ತಿಂದಿತು. ಕಾಲಿನ ಗಂಟು ಬಟಾಣಿಯಷ್ಟು ದಪ್ಪವಾಗಿ, ಮುಟ್ಟಿದರೆ ಬೆಚ್ಚಗಿತ್ತು. ನೀರಿನಲ್ಲಿ ನಯಾಸಿನ್ ಹಾಕಿಕೊಟ್ಟೆ. ಐದನೆಯ ದಿನ ಅದೇ ಟೇಬಲ್ ಮೇಲೆ ಅದು ಎರಡು ಕಾಲ ಮೇಲೆ ನಿಂತು, ನನ್ನ ಪೆನ್ನನ್ನು ಕಚ್ಚಿ ಎಳೆಯಿತು. ಅದೇ ವರ್ಷ ಇನ್ನೊಂದು ಮನೆಯವರು ಮೂರು ವಾರ ಕಾದು ತಂದರು. ಸ್ನಾಯುವಿನ ದಾರ ಗಂಟಿನಿಂದ ಜಾರಿಹೋಗಿತ್ತು. ಅದನ್ನು ಮತ್ತೆ ಕೂರಿಸಲು ನನ್ನಿಂದ ಆಗಲಿಲ್ಲ.

ಇನ್ನು ಬಿಸಿ. ಧಾರವಾಡದ ಜಿಟಿಜಿಟಿ ಮಳೆ ನಮಗೆ ಹಿತ, ಈ ಮರಿಗೆ ಅಲ್ಲ. ಮೊದಲ ವಾರ ಅದರ ಸುತ್ತ 32 ಡಿಗ್ರಿ ಇರಬೇಕು, ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬರಬೇಕು. ನಿಮ್ಮ ಮರಿಗೆ ಈಗ ಎರಡು ವಾರ ಎಂದಿಟ್ಟುಕೊಂಡರೆ 27ರಿಂದ 29 ಡಿಗ್ರಿ. ಥರ್ಮಾಮೀಟರ್ ಇಲ್ಲದಿದ್ದರೂ ನಡೆಯುತ್ತದೆ: ಮರಿ ಬಲ್ಬಿನ ಕೆಳಗೇ ಮುದುಡಿ ಕೂತರೆ ಚಳಿ, ದೂರದ ಮೂಲೆಗೆ ಹೋಗಿ ಬಾಯಿ ತೆರೆದು ತೇಕಿದರೆ ಸೆಕೆ, ಅಲ್ಲಿ ಇಲ್ಲಿ ಓಡಾಡಿಕೊಂಡಿದ್ದರೆ ಸರಿಯಾಗಿದೆ. ಈಗ ಎಲ್ಲರ ಮನೆಯಲ್ಲೂ ಎಲ್‌ಇಡಿ ಬಲ್ಬು. ಅದು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಅದರ ಕೆಳಗೆ ಮರಿ ಇಟ್ಟು ‘ಬಲ್ಬ್ ಹಾಕೇವ್ರೀ, ಆದ್ರೂ ಸತ್ತು ಹೋತು’ ಎಂದು ಬಂದವರು ಇದ್ದಾರೆ. ಹಳೆಯ ತಂತಿ ಬಲ್ಬು, 60 ವ್ಯಾಟ್, ಡಬ್ಬಿಯ ಒಂದು ಮೂಲೆಗೆ ಮಾತ್ರ, ರಟ್ಟಿಗೆ ತಗಲದ ಹಾಗೆ ಭದ್ರವಾಗಿ ಕಟ್ಟಿ. ಕರೆಂಟ್ ಹೋದರೆ ಬಾಟಲಿಗೆ ಬಿಸಿನೀರು ತುಂಬಿ ಬಟ್ಟೆ ಸುತ್ತಿ ಪಕ್ಕಕ್ಕೆ ಇಡಿ.

‘ಬಾತುಕೋಳಿ ಅಲ್ಲವೆ, ನೀರಿಗೆ ಬಿಡೋಣ’ ಎಂದು ಈಗಲೇ ಬಕೆಟ್ಟಿಗೆ ಬಿಡಬೇಡಿ. ತಾಯಿಯ ಕೆಳಗೆ ಬೆಳೆದ ಮರಿಗೆ ತಾಯಿಯ ಗರಿಯ ಎಣ್ಣೆ ಮೈಗೆ ಹತ್ತಿರುತ್ತದೆ. ಬುಟ್ಟಿಯಲ್ಲಿ ಬಂದ ಮರಿಗೆ ಅದಿಲ್ಲ. ಅದರ ಬಾಲದ ಬುಡದಲ್ಲಿ ಎಣ್ಣೆಯ ಗ್ರಂಥಿ ಇದೆ ನಿಜ, ಆದರೆ ನವಿರು ಉದುರಿ ಗರಿ ಬರುವ ತನಕ ಅದು ಮೈಗೆಲ್ಲ ಸಾಲುವುದಿಲ್ಲ. ನೀರು ನವಿರಿಗೆ ಇಳಿಯುತ್ತದೆ, ಮರಿ ತೊಯ್ದು, ಚಳಿ ಹಿಡಿದು, ದಡ ಹತ್ತಲಾಗದೆ ಮುಳುಗುತ್ತದೆ. ಈಗ ಬೇಕಾದದ್ದು ಕೊಕ್ಕು ಮತ್ತು ಮೂಗಿನ ತೂತು ಪೂರ್ತಿ ಅದ್ದುವಷ್ಟು ಆಳದ, ಮೈ ಇಳಿಸಲಾಗದಷ್ಟು ಕಿರಿದಾದ ಪಾತ್ರೆ. ಅದ್ದಿ ಕೊಡವಿಕೊಳ್ಳದಿದ್ದರೆ ಮೂಗು ಕಟ್ಟುತ್ತದೆ, ಕಣ್ಣು ಅಂಟುತ್ತದೆ. ಆಹಾರ ಇಟ್ಟಲ್ಲೆಲ್ಲ ಪಕ್ಕದಲ್ಲೇ ನೀರು ಇರಲಿ. ಒಣ ಹಿಟ್ಟು ಗಂಟಲಲ್ಲಿ ಸಿಕ್ಕಿಕೊಂಡರೆ ಬಾತು ಉಸಿರುಗಟ್ಟುತ್ತದೆ. ಕಾಲು ಸುಧಾರಿಸಿದ ಮೇಲೆ, ಬಿಸಿಲಿರುವ ಮಧ್ಯಾಹ್ನ, ಅಗಲ ಪರಾತದಲ್ಲಿ ಎರಡು ಬೆರಳಷ್ಟು ಉಗುರುಬೆಚ್ಚನೆ ನೀರಿನಲ್ಲಿ ಐದು ನಿಮಿಷ, ಮಗಳು ಪಕ್ಕದಲ್ಲಿ ಕೂತಿರುವಾಗ ಬಿಡಬಹುದು. ತೆಗೆದ ಮೇಲೆ ಒರೆಸಿ, ಬಲ್ಬಿನ ಕೆಳಗೆ ಒಣಗಿಸಿ.

ಇಷ್ಟು ತಕ್ಷಣದ್ದು. ಈಗ ಮಾರಿದವನ ಮಾತಿಗೆ ಬರೋಣ.

ಹಳದಿ ಮೈ, ಕಿತ್ತಳೆ ಕೊಕ್ಕು ಎಂದರೆ ಬಹುಮಟ್ಟಿಗೆ ಬಿಳಿ ಪೆಕಿನ್, ಅಥವಾ ಅದರ ಬೆರಕೆ. ಮಾಂಸಕ್ಕೆಂದೇ ಬೆಳೆಸಿದ ತಳಿ. ಎಂಟು ವಾರಕ್ಕೆ ಎರಡರಿಂದ ಎರಡೂವರೆ ಕಿಲೋ ತೂಗುತ್ತದೆ, ಬಣ್ಣ ಅಚ್ಚ ಬಿಳಿ ಆಗುತ್ತದೆ. ನಮ್ಮ ಕಡೆ ಸಿಗುವ ಇನ್ನೊಂದು ತಳಿ ಖಾಕಿ ಕ್ಯಾಂಪ್‌ಬೆಲ್. ಅದರ ಮರಿ ಮಾಸಲು ಕಂದು, ಬೆಳೆದರೆ ಎರಡು ಕಿಲೋ ಆಸುಪಾಸು, ಮೊಟ್ಟೆಗೆ ಹೆಸರಾದದ್ದು. ನಿಜವಾದ ಸಣ್ಣ ತಳಿ ಒಂದಿದೆ, ಕಾಲ್ ಡಕ್ ಎನ್ನುತ್ತಾರೆ. ಗುಂಡು ತಲೆ, ಮೋಟು ಕೊಕ್ಕು, ಬೆಳೆದಾಗಲೂ ಒಂದು ಕಿಲೋದೊಳಗೆ. ಕಾಡುಬಾತುಗಳನ್ನು ಕೂಗಿ ಕರೆದು ಬಲೆಗೆ ಬೀಳಿಸಲು ಯುರೋಪಿನ ಬೇಟೆಗಾರರು ಸಾಕಿದ ತಳಿ ಅದು, ಹಾಗಾಗಿ ಅದರ ಗಂಟಲು ದೊಡ್ಡದು. ಆ ತಳಿಯ ಮರಿ ಸಂತೆಯ ಬುಟ್ಟಿಯಲ್ಲಿ ಹತ್ತಿಪ್ಪತ್ತು ರೂಪಾಯಿಗೆ ಬರುವುದಿಲ್ಲ. ‘ಬೆಳೆಯೂದಿಲ್ಲ’ ಎಂಬ ಮಾತು ಕೇಳಿ ಊಟ ಕಡಿಮೆ ಮಾಡಿ ಸಣ್ಣದಾಗಿಯೇ ಇಡಲು ನೋಡಿದವರೂ ಇದ್ದಾರೆ. ಮರಿ ಸಣ್ಣದಾಗಿ ಉಳಿಯುವುದಿಲ್ಲ, ರೋಗಿಷ್ಟವಾಗಿ ಉಳಿಯುತ್ತದೆ. ನಿಮ್ಮ ಮಗಳ ಅಂಗೈಯಲ್ಲಿ ಇವತ್ತು ಕೂತಿರುವುದು ದಸರೆಯ ಹೊತ್ತಿಗೆ ಎರಡೂ ತೋಳು ತುಂಬುತ್ತದೆ ಎಂದು ಈಗಲೇ ಲೆಕ್ಕ ಹಾಕಿ. ಚೆನ್ನಾಗಿ ನೋಡಿಕೊಂಡರೆ ಎಂಟು ಹತ್ತು ವರ್ಷ ಬದುಕುತ್ತದೆ. ಅಷ್ಟರಲ್ಲಿ ಮಗಳು ಕಾಲೇಜು ಮೆಟ್ಟಿಲು ಹತ್ತಿರುತ್ತಾಳೆ.

ಊಟದ ವಿಷಯದಲ್ಲಿ ಬ್ರೆಡ್ಡನ್ನು ಇವತ್ತಿಗೇ ನಿಲ್ಲಿಸಿ. ಚುರುಮುರಿ, ಗಿರ್ಮಿಟ್, ಮಿರ್ಚಿ, ಚಾಕೊಲೇಟ್, ಬೆಣ್ಣೆಹಣ್ಣು ಯಾವುದೂ ಬೇಡ. ಸದ್ಯ ಕೋಳಿಮರಿ ಸ್ಟಾರ್ಟರ್ ತಂದು ಯೀಸ್ಟ್ ಬೆರೆಸಿ ಕೊಡಿ. ಮೂರು ವಾರದ ನಂತರ ಪ್ರೋಟೀನ್ ನೂರಕ್ಕೆ ಹದಿನಾರರಷ್ಟಿರುವ ಗ್ರೋವರ್ ಆಹಾರಕ್ಕೆ ಬದಲಿಸಿ. ಮೊಟ್ಟೆಕೋಳಿಯ ಲೇಯರ್ ಆಹಾರ ಮರಿಗೆ ಬೇಡವೇ ಬೇಡ, ಅದರಲ್ಲಿರುವ ಸುಣ್ಣದ ಅಂಶ ಎಳೆಯ ಮೂತ್ರಪಿಂಡಕ್ಕೆ ಭಾರ. ಮೇಲೆ ಹೆಚ್ಚಿದ ಹಕ್ಕರಕಿ, ಮೆಂತ್ಯ, ರಾಜಗಿರಿ ಸೊಪ್ಪು, ಹಿಚುಕಿದ ಹಸಿ ಬಟಾಣಿ ನೀರಿನಲ್ಲಿ ತೇಲಿಬಿಡಿ. ಅದನ್ನು ಹಿಡಿಯುವ ಅದರ ಉತ್ಸಾಹ ನೋಡಲು ಮನೆಯವರೆಲ್ಲ ಹಿತ್ತಲಿಗೆ ಬರುತ್ತಾರೆ. ಸೊಪ್ಪು, ಕಾಳು ಶುರುವಾದ ಮೇಲೆ ಒಂದು ಬಟ್ಟಲು ದಪ್ಪ ಮರಳು ಇಟ್ಟಿರಿ. ಹಲ್ಲಿಲ್ಲದ ಹಕ್ಕಿಗೆ ಆಹಾರ ಅರೆಯುವ ಕಲ್ಲು ಅದೇ.

ನಮ್ಮ ಜಿಲ್ಲೆಗಳವರಿಗೆ ಒತ್ತಿ ಹೇಳಬೇಕಾದ ಮಾತು ಒಂದಿದೆ: ಶೇಂಗಾ ಹಿಂಡಿ ಮತ್ತು ಗೋವಿನಜೋಳ. ಗದಗ, ಧಾರವಾಡದಲ್ಲಿ ಶೇಂಗಾ, ಹಾವೇರಿಯಲ್ಲಿ ಗೋವಿನಜೋಳ ಎಲ್ಲರ ಮನೆಯಲ್ಲೂ ಇರುವ ಮಾಲು. ಮಳೆಗಾಲದಲ್ಲಿ ಚೀಲದ ತಳ ತಂಪಾಗಿ ಬೂಜು ಬಂದರೆ, ದನಕ್ಕೆ ಬೇಡ, ಎಮ್ಮೆಗೆ ಬೇಡ, ಹಕ್ಕಿಗೆ ಹಾಕೋಣ ಎಂದು ಹಾಕುತ್ತಾರೆ. ಬೂಜಿನಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ಎಂಬ ವಿಷಕ್ಕೆ ಸಾಕುಹಕ್ಕಿಗಳಲ್ಲೆಲ್ಲ ಬಾತುಮರಿಯಷ್ಟು ಬೇಗ ಬಲಿಯಾಗುವುದು ಇನ್ನೊಂದಿಲ್ಲ. ಈ ವಿಷ ಬೆಳಕಿಗೆ ಬಂದದ್ದೇ ಶೇಂಗಾ ಹಿಂಡಿಯಿಂದ: 1960ರಲ್ಲಿ ಇಂಗ್ಲೆಂಡಿನಲ್ಲಿ ಬ್ರೆಜಿಲ್ ದೇಶದ ಹಿಂಡಿ ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತವು, ಜೊತೆಗೆ ಬಾತುಮರಿಗಳೂ. ಆಮೇಲೆ ಎಷ್ಟೋ ವರ್ಷ, ಹಿಂಡಿಯಲ್ಲಿ ವಿಷ ಇದೆಯೋ ಇಲ್ಲವೋ ಪರೀಕ್ಷಿಸಲು ಪ್ರಯೋಗಾಲಯಗಳು ಒಂದು ದಿನದ ಬಾತುಮರಿಯನ್ನೇ ಬಳಸಿದವು.

ಹಾವೇರಿ ಕಡೆಯ ಒಂದು ತೋಟದಲ್ಲಿ ಕೋಳಿ, ಬಾತು ಒಟ್ಟಿಗೆ ಮೇಯುತ್ತಿದ್ದವು. ಒಂದೇ ಬುಟ್ಟಿಯ ಹಿಂಡಿ. ಕೋಳಿ ಒಂದೂ ಸಾಯಲಿಲ್ಲ, ಬಾತುಗಳು ನಾಲ್ಕು ದಿನದಲ್ಲಿ ಎಲ್ಲ ಹೋದವು. ಹೊಟ್ಟೆ ಕೊಯ್ದು ನೋಡಿದರೆ ಯಕೃತ್ತು ಅರಿಶಿನದ ಬಣ್ಣಕ್ಕೆ ತಿರುಗಿತ್ತು, ಬೆರಳಿಟ್ಟರೆ ಕುಸಿಯುತ್ತಿತ್ತು. ಮಾಲೀಕರು ಹಿಂಡಿಯ ಚೀಲ ತಂದು ತೋರಿಸಿ ‘ವಾಸ್ನಿ ಏನೂ ಇಲ್ಲಲ್ರೀ ಡಾಕ್ಟ್ರ’ ಎಂದರು. ನಿಜ, ವಾಸನೆ ಇರಲಿಲ್ಲ. ವಿಷ ಕಣ್ಣಿಗೂ ಮೂಗಿಗೂ ಸಿಗುವುದಿಲ್ಲ, ತೊಳೆದರೆ ಹೋಗುವುದಿಲ್ಲ, ಕುದಿಸಿದರೂ ಪೂರ್ತಿ ಸಾಯುವುದಿಲ್ಲ. ಅದಕ್ಕೇ ಬಾತಿಗೆ ಹಿಂಡಿ ಹಾಕಲೇಬೇಡಿ ಎನ್ನುತ್ತೇನೆ. ಕೊಂಡ ಆಹಾರವನ್ನೂ ಎರಡು ಮೂರು ವಾರಕ್ಕಾಗುವಷ್ಟೇ ತಂದು, ನೆಲಕ್ಕೆ ತಗಲದಂತೆ ಮುಚ್ಚಳದ ಡಬ್ಬಿಯಲ್ಲಿ ಇಡಿ.

ಅತ್ತೆಯವರ ಮಾತಿಗೆ ಬೆಲೆ ಕೊಡಬೇಕು. ಅವರ ಆಕ್ಷೇಪದಲ್ಲಿ ಹುರುಳಿದೆ. ಬಾತು ಕಾಲು ಗಂಟೆಗೊಮ್ಮೆ ಹಿಕ್ಕೆ ಹಾಕುತ್ತದೆ, ತೆಳ್ಳಗೆ, ಎಲ್ಲೆಂದರಲ್ಲಿ. ನಾಯಿಗೆ ಕಲಿಸಿದ ಹಾಗೆ ಇದಕ್ಕೆ ಕಲಿಸಲು ಬರುವುದಿಲ್ಲ. ಅಡುಗೆಮನೆ, ದೇವರಕೋಣೆಗೆ ಅದು ಬರಬಾರದು, ಇದರಲ್ಲಿ ಎರಡು ಮಾತಿಲ್ಲ. ಆರೋಗ್ಯವಾಗಿ ಕಾಣುವ ಬಾತಿನ ಹಿಕ್ಕೆಯಲ್ಲೂ ವಾಂತಿಭೇದಿ ತರುವ ಸಾಲ್ಮೊನೆಲ್ಲ ರೋಗಾಣು ಇರಬಹುದು. ಮುಟ್ಟಿದ ಮೇಲೆ ಮಗಳು ಸಾಬೂನಿನಿಂದ ಕೈ ತೊಳೆಯಬೇಕು, ಮುತ್ತು ಕೊಡುವುದು, ಹಾಸಿಗೆಗೆ ಒಯ್ಯುವುದು ನಿಲ್ಲಬೇಕು. ಮನೆಯಲ್ಲಿ ಐದು ವರ್ಷದೊಳಗಿನ ಕೂಸಿದ್ದರೆ ದೂರ ಇಡಿ. ಇನ್ನು ಶಾಕಾಹಾರದ ಪ್ರಶ್ನೆ. ಬಾತು ಎರೆಹುಳ, ಶಂಖದಹುಳ ತಿನ್ನುವ ಜೀವ, ಹಿತ್ತಲಲ್ಲಿ ತಾನಾಗಿ ಹುಡುಕಿ ತಿನ್ನುತ್ತದೆ. ಅದನ್ನು ತಡೆಯುವುದು ಸಾಧ್ಯವೂ ಇಲ್ಲ, ತಡೆಯಬಾರದು ಕೂಡ. ಆದರೆ ನೀವು ಕೈಯಾರೆ ಮೀನಿನ ಪುಡಿ ಹಾಕಬೇಕಾಗಿಲ್ಲ. ಸೋಯಾ ಆಧಾರದ ಆಹಾರ ಸಿಗುತ್ತದೆ, ಚೀಲದ ಮೇಲೆ ಓದಿ ತನ್ನಿ. ಹೆಣ್ಣಾಗಿದ್ದರೆ ಐದಾರು ತಿಂಗಳಿಗೆ ಮೊಟ್ಟೆ ಇಡಲು ಶುರುಮಾಡುತ್ತದೆ. ಗಂಡು ಇಲ್ಲದಿದ್ದರೂ ಇಡುತ್ತದೆ, ಆ ಮೊಟ್ಟೆಯಲ್ಲಿ ಮರಿ ಇರುವುದಿಲ್ಲ. ತಿನ್ನುವ ನೆರೆಯವರಿಗೆ ಕೊಡಬಹುದು. ಮೊಟ್ಟೆ ಇಡುವ ಕಾಲಕ್ಕೆ ಒಂದು ಬಟ್ಟಲಲ್ಲಿ ಪುಡಿ ಮಾಡಿದ ಕಪ್ಪೆಚಿಪ್ಪು ಇಡಲು ಮರೆಯಬೇಡಿ. ಸುಣ್ಣ ಸಾಲದೆ ಮೊಟ್ಟೆ ಒಳಗೇ ಸಿಕ್ಕಿಕೊಂಡರೆ ಹಕ್ಕಿ ಸಾಯುತ್ತದೆ.

ಐದು ವಾರ ದಾಟಿದ ಮೇಲೆ, ಮೈತುಂಬ ಗರಿ ಬಂದಂತೆ, ಅದರ ಮನೆ ಹಿತ್ತಲು. ನೆಲ ಮಣ್ಣಿನದಾಗಿರಲಿ. ನಮ್ಮ ಕಡೆಯ ಮನೆಗಳ ಹಿತ್ತಲಿಗೂ ಫರಸಿ ಹಾಸುವ ರೂಢಿ ಇದೆ. ಆ ಬಿರುಸು ಕಲ್ಲಿನ ಮೇಲೆ ದಿನವಿಡೀ ಓಡಾಡಿದರೆ ಬಾತಿನ ಮೆತ್ತಗಿನ ಅಂಗಾಲಿಗೆ ಗಾಯವಾಗಿ, ಕೀವು ತುಂಬಿ, ನಡುವೆ ಕಪ್ಪು ಬೀಜದಂಥ ಗಂಟು ಕಟ್ಟುತ್ತದೆ. ತಿಂಗಳಿಗೊಮ್ಮೆ ಅಂಗಾಲು ಮಗುಚಿ ನೋಡಿ. ಎತ್ತುವಾಗ ಕಾಲಾಗಲಿ ರೆಕ್ಕೆಯಾಗಲಿ ಹಿಡಿಯಬೇಡಿ, ಮೈಯ ಕೆಳಗೆ ಎರಡೂ ಕೈ ಹಾಕಿ ಎತ್ತಿ. ಮೊಳೆ, ಸ್ಕ್ರೂ, ನಾಣ್ಯ, ತಂತಿಯ ತುಂಡು ಹಿತ್ತಲಲ್ಲಿ ಬಿದ್ದಿದ್ದರೆ ಆರಿಸಿ ತೆಗೆಯಿರಿ; ಹೊಳೆಯುವುದನ್ನೆಲ್ಲ ನುಂಗುವುದು ಅದರ ಹುಟ್ಟುಗುಣ, ಸತು ಮತ್ತು ಸೀಸ ಎರಡೂ ಅದಕ್ಕೆ ವಿಷ. ರಾತ್ರಿಗೆ ಮಾತ್ರ ಗಟ್ಟಿ ಗೂಡು ಬೇಕೇ ಬೇಕು. ಬೆಕ್ಕು, ಬೀದಿನಾಯಿ, ಮುಂಗಲಿ ಮೂರೂ ಸಪ್ತಾಪುರದಲ್ಲಿ ಇವೆ. ಕೋಳಿಜಾಲರಿಯನ್ನು ನಾಯಿ ಹಲ್ಲಿನಿಂದ ಹರಿಯುತ್ತದೆ. ಅರ್ಧ ಇಂಚಿನ ಬೆಸುಗೆ ಜಾಲರಿ ಹಾಕಿಸಿ, ಒಂದೊಂದು ಹಕ್ಕಿಗೆ ನಾಲ್ಕು ಚದರಡಿ ಜಾಗ, ನೆಲಕ್ಕೆ ಒಣ ಭತ್ತದ ಹೊಟ್ಟು.

ನೀರಿನ ಖರ್ಚನ್ನು ಮುಚ್ಚಿಡಲಾರೆ. ಹುಬ್ಬಳ್ಳಿ-ಧಾರವಾಡದಲ್ಲಿ ನಳ ಬರುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುವ ಓಣಿಗಳು ಎಷ್ಟೋ ಇವೆ. ಬೆಳೆದ ಬಾತಿಗೆ ಕೆರೆಯೇ ಬೇಕೆಂದಿಲ್ಲ, ಮಕ್ಕಳ ಸ್ನಾನದ ಟಬ್ ಸಾಕು. ಆದರೆ ಆ ನಲವತ್ತು ಲೀಟರ್ ನೀರನ್ನು ಒಂದು ದಿನ, ಹೆಚ್ಚೆಂದರೆ ಎರಡು ದಿನಕ್ಕೆ ಅದು ರಾಡಿ ಮಾಡುತ್ತದೆ. ಚೆಲ್ಲಬೇಡಿ. ಕರಿಬೇವು, ಬಾಳೆ, ತೆಂಗಿಗೆ ಹಾಕಿ. ಅದಕ್ಕಿಂತ ಒಳ್ಳೆಯ ಗೊಬ್ಬರದ ನೀರು ದುಡ್ಡು ಕೊಟ್ಟರೂ ಸಿಗುವುದಿಲ್ಲ. ಪಾತ್ರೆ ತೊಳೆದ ನೀರು, ಸೋಪಿನ ನೀರು ಮಾತ್ರ ಬಾತಿಗೆ ಇಡಬೇಡಿ, ಸೋಪು ಗರಿಯ ಎಣ್ಣೆಯನ್ನು ತೆಗೆದುಬಿಡುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನೆರಳು ಮತ್ತು ತಂಪು ನೀರು ಎರಡೂ ಇಲ್ಲದಿದ್ದರೆ ಬಾತು ಮಧ್ಯಾಹ್ನದೊಳಗೆ ತೀರಿಕೊಳ್ಳಬಹುದು. ಅಷ್ಟು ನೀರು ನಿಮ್ಮಲ್ಲಿ ಇಲ್ಲವೆಂದರೆ ಸಾಕಬೇಡಿ, ಇದನ್ನು ನೇರವಾಗಿಯೇ ಹೇಳುತ್ತೇನೆ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ ಸಾಲು: ‘ಮಗಳು ಶಾಲೆಗೆ ಹೋದರೆ ಒಂದೇ ಸಮ ಚೀರುತ್ತದೆ.’

ಮೊಟ್ಟೆಯಿಂದ ಹೊರಬಿದ್ದ ಒಂದೆರಡು ದಿನದೊಳಗೆ ಬಾತುಮರಿ ತನ್ನ ಮುಂದೆ ಓಡಾಡುವ ಜೀವವನ್ನು ತಾಯಿ ಎಂದು ಮನಸ್ಸಿಗೆ ಅಚ್ಚೊತ್ತಿಕೊಳ್ಳುತ್ತದೆ. ಆಸ್ಟ್ರಿಯದ ಕೊನ್ರಾಡ್ ಲೊರೆಂಟ್ಸ್ ಹೆಬ್ಬಾತು ಮರಿಗಳಲ್ಲಿ ಇದನ್ನು ತೋರಿಸಿಕೊಟ್ಟರು. ಪ್ರಾಣಿಗಳ ನಡವಳಿಕೆಯ ಅಧ್ಯಯನಕ್ಕಾಗಿ ಅವರಿಗೆ 1973ರಲ್ಲಿ ನೊಬೆಲ್ ಬಂತು. ನಿಮ್ಮ ಮರಿ ಬುಟ್ಟಿಯಲ್ಲಿ ಇತರ ಮರಿಗಳ ಮೈಗೆ ಮೈ ಒತ್ತಿಕೊಂಡು ಬಂದದ್ದು. ಅಲ್ಲಿಂದ ಎತ್ತಿ ಒಂಟಿಯಾಗಿ ರಟ್ಟಿನ ಡಬ್ಬಿಗೆ ಹಾಕಿದ್ದೇವೆ. ಅದಕ್ಕೆ ಈಗ ಸಿಕ್ಕಿರುವ ಬಳಗ ನಿಮ್ಮ ಮಗಳೊಬ್ಬಳೇ. ಅವಳು ಕಣ್ಣಿಗೆ ಬೀಳದಿದ್ದರೆ ಅದರ ಪಾಲಿಗೆ ಹಿಂಡು ತಪ್ಪಿದ ಹಾಗೆ. ಹೊರಗಿನ ಲೋಕದಲ್ಲಿ ಹಿಂಡು ತಪ್ಪಿದ ಮರಿಗೆ ಸಂಜೆ ಇರುವುದಿಲ್ಲ, ಆ ಭಯವೇ ಆ ಚೀರಾಟ. ಎಂಟು ವರ್ಷದ ಹುಡುಗಿ ಶಾಲೆ ಬಿಟ್ಟು ಕೂರಲಾರಳು, ನೀವು ದಿನವಿಡೀ ಅದರ ಮುಂದೆ ಓಡಾಡಲಾರಿರಿ. ಕನ್ನಡಿ ಇಡಿ, ಗೊಂಬೆ ಇಡಿ ಎನ್ನುತ್ತಾರೆ ಕೆಲವರು. ಒಂದೆರಡು ದಿನ ಸುಮ್ಮನಾಗುತ್ತದೆ, ಅಷ್ಟೇ. ಗೊಂಬೆ ತಿರುಗಿ ಮಾತಾಡುವುದಿಲ್ಲ, ಚಳಿಯಲ್ಲಿ ಒತ್ತಿಕೊಂಡು ಕೂರುವುದಿಲ್ಲ.

ಹೀಗೆ ಒಂಟಿಯಾಗಿ ಬೆಳೆದದ್ದು ಗಂಡಾದರೆ ಇನ್ನೂ ಕಷ್ಟ. ಪ್ರಾಯಕ್ಕೆ ಬಂದಾಗ ಮನುಷ್ಯರನ್ನೇ ತನ್ನ ಜಾತಿ ಎಂದು ಬಗೆದು ಕಾಲಿಗೆ ಹತ್ತುತ್ತದೆ, ಕಚ್ಚುತ್ತದೆ. ಆಗ ಮನೆಯವರು ‘ಕೆಟ್ಟ ಹಕ್ಕಿ’ ಎಂದು ಯಾರಿಗೋ ಕೊಟ್ಟುಬಿಡುತ್ತಾರೆ, ಎಲ್ಲಿಗೆ ಹೋಯಿತು ಎಂದು ಮಕ್ಕಳಿಗೆ ಸುಳ್ಳು ಹೇಳುತ್ತಾರೆ. ತಪ್ಪು ಹಕ್ಕಿಯದಲ್ಲ.

ಆದ್ದರಿಂದ ನಿಮ್ಮ ‘ಸಾಕಬಹುದೆ’ ಎಂಬ ಪ್ರಶ್ನೆಗೆ ನನ್ನ ಉತ್ತರ: ಎರಡನ್ನು ಸಾಕಬಹುದು, ಒಂದನ್ನು ಸಾಕಬಾರದು. ಮರಿಯ ಕಾಲು ಗಟ್ಟಿಯಾದ ಕೂಡಲೇ, ಸಾಧ್ಯವಾದರೆ ಈ ವಾರದೊಳಗೇ, ಇದೇ ಗಾತ್ರದ ಇನ್ನೊಂದು ಮರಿ ತನ್ನಿ. ಎರಡಕ್ಕೆ ಖರ್ಚು ಎರಡುಪಟ್ಟು ಆಗುವುದಿಲ್ಲ. ಅದೇ ಗೂಡು, ಅದೇ ಟಬ್ಬು. ಗಂಡು ಯಾವುದು, ಹೆಣ್ಣು ಯಾವುದು ಎಂದು ಈಗ ಹೇಳಲು ಬರುವುದಿಲ್ಲ. ಆರರಿಂದ ಎಂಟು ವಾರದಲ್ಲಿ ದನಿ ಒಡೆಯುತ್ತದೆ: ಜೋರಾಗಿ ‘ಕ್ವಾಕ್ ಕ್ವಾಕ್’ ಎಂದರೆ ಹೆಣ್ಣು, ನೆಗಡಿ ಹಿಡಿದವರಂತೆ ಪಿಸುಗುಟ್ಟಿದರೆ ಗಂಡು. ಮೂರು ನಾಲ್ಕು ತಿಂಗಳಿಗೆ ಗಂಡಿನ ಬಾಲದ ಮೇಲಿನ ಗರಿ ಸುರುಳಿಯಾಗುತ್ತದೆ. ಎರಡೂ ಹೆಣ್ಣಾದರೆ ಉತ್ತಮ, ಎರಡೂ ಗಂಡಾದರೂ ಹೆಣ್ಣು ಕಣ್ಣಿಗೆ ಬೀಳದಿದ್ದರೆ ಹೊಂದಿಕೊಂಡಿರುತ್ತವೆ. ಒಂದು ಗಂಡು ಒಂದು ಹೆಣ್ಣು ಆದರೆ ಹೆಣ್ಣಿಗೆ ತೊಂದರೆ. ಒಂದು ಗಂಡಿಗೆ ನಾಲ್ಕೈದು ಹೆಣ್ಣು ಇರುವುದು ಬಾತಿನ ಕ್ರಮ, ಒಂದೇ ಇದ್ದರೆ ಅದರ ಕುತ್ತಿಗೆಯ ಗರಿ ಕಿತ್ತು ಗಾಯ ಮಾಡುತ್ತದೆ. ಆಗ ಗಂಡನ್ನು ಬದಲಾಯಿಸಿಕೊಳ್ಳಬೇಕಾದೀತು, ಮರಿ ತರುವಾಗಲೇ ಸಾಕುವವರ ಹತ್ತಿರ ಈ ಮಾತು ಆಡಿಟ್ಟಿರಿ. ನೆರೆಯವರ ಹತ್ತಿರವೂ: ಹೆಣ್ಣು ಬಾತು ಬೆಳಿಗ್ಗೆ ಐದೂವರೆಗೆ ಓಣಿಯನ್ನೇ ಎಬ್ಬಿಸುತ್ತದೆ.

ಎರಡು ಸಾಕಲು ಆಗದಿದ್ದರೆ, ಈಗಾಗಲೇ ಬಾತು ಇರುವ ತೋಟದವರಿಗೆ ಕೊಡಿ. ಗರಗ, ಅಳ್ನಾವರ ಕಡೆ ಕೆರೆದಂಡೆಯ ತೋಟದವರನ್ನು ವಿಚಾರಿಸಿ ನೋಡಿ. ಸಾಕಲೆಂದೇ ತೆಗೆದುಕೊಳ್ಳುವವರೇ ಎಂದು ಬಾಯಿಬಿಟ್ಟು ಕೇಳಿ. ಮಗಳು ತಿಂಗಳಿಗೊಮ್ಮೆ ಹೋಗಿ ನೋಡಬಹುದು.

ಸಾಧನಕೇರಿಗೆ ಬಿಡುವ ಮಾತನ್ನು ಯಜಮಾನರು ದಯವಿಟ್ಟು ಕೈಬಿಡಬೇಕು. ಸಾಧನಕೇರಿ, ಕೆಲಗೇರಿ, ಉಣಕಲ್ ಯಾವ ಕೆರೆಯಾದರೂ ಅಷ್ಟೇ. ಪೆಕಿನ್ ಬಾತು ಹಾರಲಾರದು. ಬಿಳಿ ಬಣ್ಣ, ರಾತ್ರಿ ನಾಯಿಗೆ ದೀಪದ ಹಾಗೆ ಕಾಣುತ್ತದೆ. ತಾನಾಗಿ ಹುಡುಕಿ ಹೊಟ್ಟೆ ತುಂಬಿಸಿಕೊಳ್ಳಲು ಕಲಿತಿಲ್ಲ. ಒಂದು ವೇಳೆ ಬದುಕಿ ಉಳಿದರೆ ಅಲ್ಲಿಯ ಕಾಡುಬಾತುಗಳಿಗೆ ಅಪಾಯ: ಚುಕ್ಕೆಕೊಕ್ಕಿನ ಬಾತಿನೊಡನೆ ಕೂಡಿ ಬೆರಕೆ ಮರಿ ಹುಟ್ಟುತ್ತವೆ, ಸಾಕಿದ ಹಕ್ಕಿಯ ರೋಗ ಅವಕ್ಕೆ ದಾಟುತ್ತದೆ, ಅವುಗಳ ರೋಗ ಇದಕ್ಕೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ, 2024ರಲ್ಲಿ ಅದು ರಾಮ್ಸರ್ ತಾಣವೂ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವೂ ಆಯಿತು. ಅಂಥ ಹಕ್ಕಿಗಳು ನಮ್ಮ ಸಣ್ಣಪುಟ್ಟ ಕೆರೆಗಳಲ್ಲೂ ಇಳಿಯುತ್ತವೆ. ಹಕ್ಕಿಜ್ವರ ಬಂದ ಬಾತು ಒಮ್ಮೊಮ್ಮೆ ಯಾವ ಲಕ್ಷಣವನ್ನೂ ತೋರಿಸದೆ ರೋಗ ಹರಡುತ್ತದೆ. ಹಾಗೆಯೇ ಕೆರೆಯ ದಂಡೆಯಲ್ಲಿ ಸಿಳ್ಳೆಬಾತಿನ ಮರಿ ಸಿಕ್ಕಿತೆಂದು ಮನೆಗೆ ತರುವುದೂ ಕೂಡದು, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಬಾತುಗಳನ್ನು ಕೊಲ್ಲುವ ವೈರಸ್ ರೋಗವಾದ ಡಕ್ ಪ್ಲೇಗಿನ ಲಸಿಕೆಯನ್ನು ಎಂಟರಿಂದ ಹನ್ನೆರಡು ವಾರದ ನಡುವೆ ಹಾಕುತ್ತಾರೆ. ಎರಡೇ ಹಕ್ಕಿಗೆ ಬಾಟಲಿ ಒಡೆಯಲು ಹಿಂಜರಿದರೆ, ಸುತ್ತಲಿನ ಸಾಕಣೆಯವರಿಗೆ ಹಾಕುವ ದಿನ ನಿಮ್ಮದನ್ನೂ ಒಯ್ಯುವಂತೆ ಪಶು ವೈದ್ಯರ ಹತ್ತಿರ ಹೇಳಿಟ್ಟಿರಿ. ನಿಮ್ಮ ಹತ್ತಿರದ ವೈದ್ಯರಿಗೆ ಹಕ್ಕಿಯ ಅಭ್ಯಾಸ ಇಲ್ಲದಿದ್ದರೆ ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ದೂರ ಎನ್ನಿಸಿದರೂ ಹೋಗಿಬರಬಹುದಾದ ದೂರ.

ಎರಡನೆಯ ಮರಿ ತಂದ ದಿನ ಎರಡನ್ನೂ ಒಮ್ಮೆಲೇ ಒಂದೇ ಡಬ್ಬಿಗೆ ಹಾಕಬೇಡಿ. ಹೊಸದು ರೋಗ ತಂದಿಲ್ಲವೆಂದು ನೋಡಲು ನಾಲ್ಕೈದು ದಿನ ಪಕ್ಕದಲ್ಲೇ ಬೇರೆ ಡಬ್ಬಿಯಲ್ಲಿ, ದನಿ ಕೇಳುವಷ್ಟು ಹತ್ತಿರ ಇಡಿ. ಕೂಗಿಗೆ ಕೂಗು ಸಿಕ್ಕ ರಾತ್ರಿಯಿಂದಲೇ ಮನೆ ಸುಮ್ಮನಾಗುತ್ತದೆ. ಮಗಳಿಗೆ ಮಾತ್ರ ಒಂದು ಮಾತು ಮೊದಲೇ ಹೇಳಿಡಬೇಕು, ತಂಗೀ. ಜೊತೆ ಸಿಕ್ಕ ಮೇಲೆ ಮರಿ ಅವಳ ಹಿಂದೆ ಹಿಂದೆ ಬರುವುದು ಕಡಿಮೆಯಾಗುತ್ತದೆ. ಶಾಲೆಯಿಂದ ಬಂದು ಚೀಲ ಇಳಿಸುವಷ್ಟರಲ್ಲಿ ಓಡಿಬರುತ್ತಿದ್ದದ್ದು, ಒಂದು ದಿನ ತಲೆ ಎತ್ತಿ ನೋಡಿ ಮತ್ತೆ ಕೆಸರಿಗೆ ಕೊಕ್ಕು ಹಾಕುತ್ತದೆ. ಅವಳಿಗೆ ಅಳು ಬರುತ್ತದೆ. ಆಗ ಕೈಯಲ್ಲಿ ಒಂದು ಹಿಡಿ ಹಸಿ ಬಟಾಣಿ ಕೊಟ್ಟು ಟಬ್ಬಿನ ಪಕ್ಕಕ್ಕೆ ಸುಮ್ಮನೆ ಕೂರಲು ಹೇಳಿ. ಎರಡೂ ಬರುತ್ತವೆ.